ನಟ್ ಮತ್ತೆ ಮತ್ತೆ ಸಡಿಲ ಆಗ್ತಿದೆಯಾ? ಯಾವ ವಾಷರ್, ಎಲ್ಲಿ, ಹೇಗೆ

ನಮ್ಮ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಒಂದು ಯಂತ್ರವಿದೆ. ಎರಡು ಎಚ್‌ಪಿ ಮೋಟರ್, ಒಂದು ಬೆಲ್ಟ್, ಬ್ಲೇಡ್ ಕೂರಿಸಿದ ದೊಡ್ಡ ಚಕ್ರ. ಮೋಟರ್ ನಿಂತಿರುವುದು ನಾಲ್ಕು ಎಂ8 (8 ಮಿ.ಮೀ. ದಪ್ಪದ) ಬೋಲ್ಟ್‌ಗಳ ಮೇಲೆ. ತಂದ ಹೊಸದರಲ್ಲಿ ವಾರಕ್ಕೊಮ್ಮೆ ಬೆಲ್ಟ್ ಜಾರುತ್ತಿತ್ತು. ನೋಡಿದರೆ ಮೋಟರಿನ ನಟ್‌ಗಳು ಸಡಿಲ. ಸ್ಪ್ಯಾನರ್ ಹಿಡಿದು ಬಿಗಿ ಮಾಡುವುದು, ಮುಂದಿನ ವಾರ ಮತ್ತದೇ ಕಥೆ. ನಾಲ್ಕಕ್ಕೂ ನಟ್ ಬಿಚ್ಚದಿರಲಿ ಅಂತ ಹಾಕುವ ಸ್ಪ್ರಿಂಗ್ ವಾಷರ್ ಇತ್ತು ಅನ್ನೋದೇ ತಮಾಷೆ.

ಒಂದು ಬೆಳಿಗ್ಗೆ ಕಸ ಗುಡಿಸುವಾಗ ಮೋಟರಿನ ಕೆಳಗೆ ಕುಡುಗೋಲಿನ ಹಾಗೆ ಬಾಗಿದ ಒಂದು ಕಬ್ಬಿಣದ ಚೂರು ಸಿಕ್ಕಿತು. ಸ್ಪ್ರಿಂಗ್ ವಾಷರ್ ಎರಡು ತುಂಡಾಗಿತ್ತು. ಇನ್ನೊಂದು ತುಂಡು ಹುಡುಕಲು ಅರ್ಧ ಗಂಟೆ ಹೋಯಿತು. ಸುಮ್ಮನಿರುವಂತಿಲ್ಲ, ಮೇವಿನ ಜೊತೆ ಹಸುವಿನ ಹೊಟ್ಟೆ ಸೇರಿದ ಕಬ್ಬಿಣ ಏನು ಮಾಡುತ್ತದೆ ಅಂತ ಹಸು ಸಾಕಿದವರಿಗೆ ಗೊತ್ತು. ತುಂಡನ್ನು ಜೇಬಿಗೆ ಹಾಕಿಕೊಂಡು ಊರಿನ ಲೇತ್ ಅಂಗಡಿಗೆ ಹೋದೆ.

"ಅಣ್ಣ, ಇನ್ನೂ ದಪ್ಪದ ಸ್ಪ್ರಿಂಗ್ ವಾಷರ್ ಕೊಡಿ" ಅಂದೆ.

"ವಾಷರ್ ಕೊಡ್ತೀನಿ. ಮೊದಲು ಹೇಳಿ, ಅದರ ಕೆಳಗೆ ಪೇಂಟ್ ಇದೆಯಾ?" ಅಂದರು.

ಇತ್ತು. ಅಲ್ಲಿಂದ ಶುರುವಾಗಿದ್ದು ನನ್ನ ಪಾಠ. ಅದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಬಿಗಿ ಅಂದರೆ ಏನು

ಬೋಲ್ಟ್ ಅನ್ನೋದು ತುಂಬಾ ಗಟ್ಟಿಯಾದ ಒಂದು ಸ್ಪ್ರಿಂಗ್. ನಟ್ ತಿರುಗಿಸಿದ ಹಾಗೆ ಬೋಲ್ಟ್ ಚೂರೇ ಚೂರು ಉದ್ದವಾಗುತ್ತದೆ. ಹಾಗೆ ಎಳೆದುಕೊಂಡ ಬೋಲ್ಟ್ ವಾಪಸ್ ಕುಗ್ಗಲು ನೋಡುತ್ತದೆ. ಆ ಎಳೆತವೇ ಎರಡು ತಗಡನ್ನು ಒಟ್ಟಿಗೆ ಅದುಮಿ ಹಿಡಿಯುವುದು. 8.8 ಗ್ರೇಡಿನ (ಇದು ಗಟ್ಟಿತನದ ದರ್ಜೆ) ಎಂ8 ಬೋಲ್ಟ್ ಸರಿಯಾಗಿ ಬಿಗಿಯಾದಾಗ ಸುಮಾರು 1,600 ಕೆ.ಜಿ. ಭಾರದಷ್ಟು ಬಲದಿಂದ ಅದುಮುತ್ತದೆ. ಅಂದರೆ ಎರಡು ಸಣ್ಣ ಕಾರಿನ ತೂಕ, ಒಂದು ಕಿರುಬೆರಳಿಗಿಂತ ತೆಳ್ಳಗಿನ ಬೋಲ್ಟ್‌ನಲ್ಲಿ!

ಇಷ್ಟು ಬಲಕ್ಕೆ ಬೋಲ್ಟ್ ಎಷ್ಟು ಉದ್ದವಾಗುತ್ತದೆ? ಅದು ಹಿಡಿದಿರುವ ದಪ್ಪ 30 ಮಿ.ಮೀ. ಇದ್ದರೆ, ಸುಮಾರು 0.07 ಮಿ.ಮೀ. ಒಂದು ತಲೆಗೂದಲಿನ ದಪ್ಪ ಅಂದುಕೊಳ್ಳಿ. ಈಗ ಪೇಂಟಿನ ವಿಷಯಕ್ಕೆ ಬನ್ನಿ. ವಾಷರ್ ಕೆಳಗಿನ ಪೇಂಟ್ ಪದರವೂ ಸುಮಾರು ಅಷ್ಟೇ ದಪ್ಪ ಇರುತ್ತದೆ. ಯಂತ್ರ ಅದುರಿದಂತೆ ಪೇಂಟ್ ಜಜ್ಜಿ ಅರ್ಧದಷ್ಟು ತೆಳುವಾದರೆ, ಬೋಲ್ಟಿನ ಎಳೆತವೂ ಅರ್ಧದ ಹತ್ತಿರ ಇಳಿಯುತ್ತದೆ. ನಟ್ ಒಂದಿಷ್ಟೂ ತಿರುಗಿರುವುದಿಲ್ಲ, ಆದರೂ ಹಿಡಿತ ಹೋಗಿರುತ್ತದೆ.

ಇದು ಮೊದಲ ಬಗೆಯ ಸಡಿಲ: ಕೆಳಗಿರುವುದು ಕುಸಿಯುವುದು. ತುಕ್ಕು, ಪೇಂಟ್, ರಬ್ಬರ್, ಮರ, ಮೆತ್ತನೆಯ ಅಲ್ಯೂಮಿನಿಯಂ ಇರುವ ಕಡೆ ಇದು ಸಾಮಾನ್ಯ.

ಎರಡನೆಯದು ನಟ್ ತಾನಾಗಿಯೇ ಬಿಚ್ಚಿಕೊಳ್ಳುವುದು. ಅದುರಿದರೆ ನಟ್ ಬಿಚ್ಚುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಯಾವ ಕಡೆಯ ಅದುರು ಅನ್ನೋದು ಮುಖ್ಯ. 1969ರಲ್ಲಿ ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ ಇದನ್ನು ಯಂತ್ರದ ಮೇಲೆ ಪರೀಕ್ಷೆ ಮಾಡಿ ತೋರಿಸಿದರು. ಬೋಲ್ಟಿಗೆ ಅಡ್ಡಲಾಗಿ ತಗಡುಗಳು ಹಿಂದೆ ಮುಂದೆ ಜಾರಿದರೆ, ಥ್ರೆಡ್‌ನ ಘರ್ಷಣೆ ಆ ಕ್ಷಣಕ್ಕೆ ಕೆಲಸ ಬಿಟ್ಟು ನಟ್ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಿರುಗುತ್ತದೆ. ನಮ್ಮ ಮೋಟರಿನಲ್ಲಿ ಆಗುತ್ತಿದ್ದದ್ದೂ ಅದೇ. ಬೆಲ್ಟ್ ಮೋಟರನ್ನು ಪಕ್ಕಕ್ಕೆ ಎಳೆಯುತ್ತದೆ, ಬೋಲ್ಟ್ ನಿಂತಿರುವುದು ನೆಟ್ಟಗೆ. ಮೊದಲು ಪೇಂಟ್ ಕುಸಿದು ಹಿಡಿತ ಇಳಿಯಿತು. ಹಿಡಿತ ಇಳಿದ ಮೇಲೆ ಮೋಟರ್ ಜಾರಲು ಶುರುವಾಯಿತು. ಜಾರಿದ ಮೇಲೆ ನಟ್ ಬಿಚ್ಚಿತು.

ಹಾಗಾಗಿ ಸಡಿಲವಾದ ನಟ್ ಕಂಡ ತಕ್ಷಣ ವಾಷರ್ ಬದಲಿಸಲು ಓಡಬೇಡಿ. ಮೊದಲು ನೋಡಬೇಕಾದ್ದು: ಕೆಳಗಿರುವುದು ಕುಸಿಯುತ್ತಿದೆಯಾ, ಅಥವಾ ತಗಡು ಜಾರುತ್ತಿದೆಯಾ? ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ವಾಷರ್ ಕೂತ ಜಾಗದಲ್ಲಿ ಪೇಂಟ್ ಜಜ್ಜಿ ಉಂಗುರ ಮೂಡಿದ್ದರೆ ಅದು ಕುಸಿತ. ತಗಡಿನ ಮೇಲೆ ಉಜ್ಜಿ ಹೊಳೆಯುವ ಗೆರೆಗಳು, ಕಂದು ಬಣ್ಣದ ನುಣ್ಣನೆಯ ಪುಡಿ ಇದ್ದರೆ ಅದು ಜಾರಿಕೆ. ನಮ್ಮಲ್ಲಿ ಎರಡೂ ಇತ್ತು.

ಸ್ಪ್ರಿಂಗ್ ವಾಷರ್ ಬಗ್ಗೆ ನಿಜ ಹೇಳಬೇಕು

ಅಂಗಡಿಯಲ್ಲಿ ಲಾಕ್ ವಾಷರ್ ಕೇಳಿದರೆ ಕೈಗೆ ಬರುವುದು ಸೀಳಿದ ಬಳೆಯ ಹಾಗಿರುವ ಸ್ಪ್ರಿಂಗ್ ವಾಷರ್. ನಮ್ಮಲ್ಲಿ ಅದಕ್ಕೆ ಐಎಸ್ 3063 ಅನ್ನುವ ಮಾನಕವೂ ಇದೆ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಎಲ್ಲರೂ ಹಾಕುತ್ತಾರೆ. ಆದರೆ ಇದನ್ನು ಪೂರ್ತಿ ಚಪ್ಪಟೆ ಮಾಡಲು ಬೇಕಾದ ಬಲ, ಬೋಲ್ಟಿನ ಹಿಡಿತದ ಒಂದು ಸಣ್ಣ ಪಾಲು ಅಷ್ಟೇ. ನಟ್ ಸರಿಯಾಗಿ ಬಿಗಿಯಾಗುವ ಎಷ್ಟೋ ಮೊದಲೇ ಅದು ಚಪ್ಪಟೆಯಾಗಿ ಮಲಗಿರುತ್ತದೆ. ಆಮೇಲೆ ಅದು ಬರೀ ಒಂದು ಪ್ಲೇನ್ ವಾಷರ್. ಅಮೆರಿಕದ ನಾಸಾ 1990ರಲ್ಲಿ ತನ್ನ ಇಂಜಿನಿಯರ್‌ಗಳಿಗಾಗಿ ಹೊರತಂದ ಫಾಸ್ಟನರ್ (ನಟ್, ಬೋಲ್ಟ್ ಇತ್ಯಾದಿ) ಕೈಪಿಡಿ, ಲಾಕ್ ಮಾಡುವ ಕೆಲಸಕ್ಕೆ ಈ ವಾಷರ್ ಉಪಯೋಗವಿಲ್ಲ ಅಂತ ನೇರವಾಗಿಯೇ ಹೇಳಿದೆ. ಜರ್ಮನಿಯಲ್ಲಿ ಇದರ ಹಳೆಯ ಮಾನಕ ಡಿಐಎನ್ 127 ಅನ್ನು ಹಿಂತೆಗೆದುಕೊಂಡಿದ್ದಾರೆ.

ಹಾಗಂತ ಪೂರ್ತಿ ಎಸೆಯಬೇಕಿಲ್ಲ. ಹೆಚ್ಚು ಬಿಗಿ ಮಾಡಲಾಗದ ಸಣ್ಣ ಸ್ಕ್ರೂ, ಬೋರ್ಡಿನ ಟರ್ಮಿನಲ್, ಗೇಟಿನ ಚಿಲಕ, ತಗಡಿನ ಮುಚ್ಚಳ, ಇಂಥ ಕಡೆ ಅದರ ಸ್ಪ್ರಿಂಗ್ ಬಲವೇ ಒಟ್ಟು ಹಿಡಿತದ ಒಳ್ಳೆಯ ಪಾಲು. ಅಲ್ಲಿ ಅದು ಕೆಲಸ ಮಾಡುತ್ತದೆ. ಪಕ್ಕಕ್ಕೆ ಎಳೆತ ಇರುವ, ತಿರುಗುವ, ಬಿಚ್ಚಿದರೆ ಯಾರಿಗಾದರೂ ಪೆಟ್ಟಾಗುವ ಜಾಗದಲ್ಲಿ ಇದೊಂದನ್ನೇ ನಂಬಬೇಡಿ.

ಕೊಳ್ಳುವಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಸೀಳಿನ ಎರಡು ತುದಿಗಳು ಒಂದರ ಮೇಲೊಂದು ಚೆನ್ನಾಗಿ ಎದ್ದಿರಬೇಕು. ವಾಷರ್ ನೆಲದ ಮೇಲಿಟ್ಟರೆ ಅದರ ಎತ್ತರ ದಪ್ಪದ ಎರಡರಷ್ಟು ಹತ್ತಿರ ಇರಬೇಕು. ವೈಸ್‌ನಲ್ಲಿ ಒಮ್ಮೆ ಚಪ್ಪಟೆ ಒತ್ತಿ ಬಿಟ್ಟರೆ ಮತ್ತೆ ಎದ್ದು ನಿಲ್ಲಬೇಕು. ಮಲಗಿದ್ದಲ್ಲೇ ಮಲಗಿದರೆ ಅದು ಮೆತ್ತನೆಯ ಕಬ್ಬಿಣ. ಎರಡು ಇಕ್ಕಳದಲ್ಲಿ ಹಿಡಿದು ಸ್ವಲ್ಪ ತಿರುಚಿದರೆ ಪಟ್ ಅಂತ ಮುರಿದರೆ ಅದೂ ಬೇಡ (ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಚೂರು ಹಾರುತ್ತದೆ). ಗಟ್ಟಿ ಮಾಡಿದ ಉಕ್ಕಿಗೆ ಜಿಂಕ್ ಲೇಪನ ಕೊಡುವಾಗ ಒಳಗೆ ಹೈಡ್ರೋಜನ್ ಸೇರಿಕೊಂಡರೆ ಲೋಹ ಗಾಜಿನ ಹಾಗೆ ಒಡೆಯುತ್ತದೆ. ಲೇಪನದ ನಂತರ ಬಿಸಿ ಮಾಡಿ ಅದನ್ನು ಹೊರಗೆ ಕಳಿಸಬೇಕು. ಅಗ್ಗದ ಮಾಲಿನಲ್ಲಿ ಆ ಕೆಲಸ ಬಿಟ್ಟುಹೋಗಿರುತ್ತದೆ. ನನ್ನ ಜೇಬಿನಲ್ಲಿದ್ದ ತುಂಡು ಮುರಿದ ಜಾಗದಲ್ಲಿ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿತ್ತು.

ಯಾವ ಜಾಗಕ್ಕೆ ಯಾವುದು

ಸ್ಟಾರ್ ವಾಷರ್. ಸುತ್ತ ಹಲ್ಲುಗಳಿರುತ್ತವೆ, ಒಳಗಡೆ ಅಥವಾ ಹೊರಗಡೆ. ಇದರ ನಿಜವಾದ ಜಾಗ ಅರ್ಥಿಂಗ್. ಪೇಂಟ್ ಮಾಡಿದ ಪ್ಯಾನಲ್ ಬಾಕ್ಸಿಗೆ ಅರ್ಥ್ ವೈರ್ ಕೂರಿಸುವಾಗ ಹಲ್ಲುಗಳು ಪೇಂಟ್ ಸೀಳಿ ಕೆಳಗಿನ ಲೋಹಕ್ಕೆ ತಾಗುತ್ತವೆ. ಹೊರಹಲ್ಲಿನದು ಹೆಚ್ಚು ಹಿಡಿಯುತ್ತದೆ. ಸ್ಕ್ರೂ ತಲೆ ಚಿಕ್ಕದಿದ್ದರೆ ಅಥವಾ ಹಲ್ಲು ಕೈಗೆ ತಾಗಬಾರದು ಅಂದರೆ ಒಳಹಲ್ಲಿನದು. ಒಮ್ಮೆ ಬಿಗಿ ಮಾಡಿದ ಮೇಲೆ ಹಲ್ಲು ಮಲಗುತ್ತದೆ. ಬಿಚ್ಚಿದರೆ ಹೊಸದು ಹಾಕಿ.

ಬೆಲ್ವಿಲ್ ವಾಷರ್. ತಲೆಕೆಳಗು ಮಾಡಿದ ತಟ್ಟೆಯ ಹಾಗೆ ಉಬ್ಬಿರುತ್ತದೆ. ಫ್ರಾನ್ಸ್‌ನ ಜೂಲಿಯನ್ ಬೆಲ್ವಿಲ್ 1867ರಲ್ಲಿ ಪೇಟೆಂಟ್ ಪಡೆದದ್ದು. ಸ್ಪ್ರಿಂಗ್ ವಾಷರ್‌ಗಿಂತ ಎಷ್ಟೋ ಪಾಲು ಹೆಚ್ಚು ಬಲ ತಡೆಯುತ್ತದೆ, ಹಾಗಾಗಿ ಬಿಗಿಯಾದ ಮೇಲೂ ಸ್ವಲ್ಪ ಸ್ಪ್ರಿಂಗ್ ಉಳಿದಿರುತ್ತದೆ. ಕೆಳಗಿರುವುದು ಕುಸಿಯುವ ಕಡೆ ಇದೇ ಮದ್ದು. ಅಲ್ಯೂಮಿನಿಯಂ ಬಸ್‌ಬಾರ್ (ಕರೆಂಟ್ ಹರಿಯುವ ದಪ್ಪ ಪಟ್ಟಿ) ಜೋಡಣೆ ಒಳ್ಳೆಯ ಉದಾಹರಣೆ. ಬಿಸಿಯಾದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಾಲು ಹಿಗ್ಗುತ್ತದೆ. ಬೋಲ್ಟ್ ಹಿಗ್ಗಲು ಬಿಡದಿದ್ದರೆ ಮೆತ್ತನೆಯ ಅಲ್ಯೂಮಿನಿಯಂ ಹಿಂಡಿಕೊಳ್ಳುತ್ತದೆ. ತಣ್ಣಗಾದಾಗ ನೋಡಿದರೆ ಸಡಿಲ. ಸಡಿಲ ಜೋಡಣೆ ಇನ್ನಷ್ಟು ಬಿಸಿಯಾಗುತ್ತದೆ. ಬೆಲ್ವಿಲ್ ಈ ಹೋಗಿಬರುವಿಕೆಯನ್ನು ತಿಂದುಹಾಕುತ್ತದೆ. ಉಬ್ಬಿದ ಕಡೆ ನಟ್‌ಗೆ, ಅಗಲದ ಅಂಚು ಕೆಳಗೆ, ಅದಕ್ಕೂ ಅಲ್ಯೂಮಿನಿಯಂಗೂ ಮಧ್ಯೆ ಒಂದು ದಪ್ಪ ಪ್ಲೇನ್ ವಾಷರ್.

ವೆಡ್ಜ್ ವಾಷರ್. ಎರಡು ಬಿಲ್ಲೆಗಳ ಜೋಡಿ. ಸ್ವೀಡನ್ನಿನ ನಾರ್ಡ್-ಲಾಕ್ ಇದರಲ್ಲಿ ಹೆಸರುವಾಸಿ. ಬಿಲ್ಲೆಗಳ ಹೊರಮೈಯಲ್ಲಿ ಸಣ್ಣ ಹಲ್ಲು, ಒಳಮೈಯಲ್ಲಿ ಇಳಿಜಾರಿನ ಮೆಟ್ಟಿಲುಗಳು. ಹಲ್ಲು ನಟ್ಟನ್ನೂ ತಗಡನ್ನೂ ಕಚ್ಚಿ ಹಿಡಿಯುತ್ತದೆ. ನಟ್ ಬಿಚ್ಚಲು ಹೊರಟರೆ ಒಂದು ಇಳಿಜಾರು ಇನ್ನೊಂದನ್ನು ಹತ್ತಬೇಕು. ಆ ಇಳಿಜಾರು ಥ್ರೆಡ್ಡಿನ ಇಳಿಜಾರಿಗಿಂತ ಕಡಿದು. ಹಾಗಾಗಿ ಬಿಚ್ಚಲು ಹೋದಷ್ಟೂ ಬೋಲ್ಟ್ ಇನ್ನಷ್ಟು ಎಳೆದುಕೊಳ್ಳುತ್ತದೆ! ಪಕ್ಕಕ್ಕೆ ಜಾರುವ ಜಾಗಕ್ಕೆ ವಾಷರ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಬೆಲೆ ಜಾಸ್ತಿ, ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಕುವಾಗ ಮೂರು ವಿಷಯ ನೆನಪಿಡಿ. ದೊಡ್ಡ ಮೆಟ್ಟಿಲಿನ ಮುಖಗಳು ಒಂದಕ್ಕೊಂದು ಎದುರಾಗಿರಬೇಕು. ಕೆಳಗೆ ಬಿಡಿ ಪ್ಲೇನ್ ವಾಷರ್ ಇರಬಾರದು. ಈ ಕಡೆಯಿಂದ ಆ ಕಡೆಗೆ ತೂರಿ ನಟ್ ಹಾಕುವ ಬೋಲ್ಟ್ ಆದರೆ ತಲೆಯ ಕಡೆ ಒಂದು ಜೋಡಿ, ನಟ್ ಕಡೆ ಒಂದು ಜೋಡಿ, ಯಾಕಂದರೆ ಎರಡರಲ್ಲಿ ಯಾವುದು ಬೇಕಾದರೂ ತಿರುಗಬಹುದು. ಮರ, ಪ್ಲಾಸ್ಟಿಕ್ ಮೇಲೆ ಇದಕ್ಕೆ ಕೆಲಸವಿಲ್ಲ.

ಕೆಲವೊಮ್ಮೆ ವಾಷರ್ರೇ ಬೇಡ. ನೈಲಾಕ್ ನಟ್ಟಿನ ಒಳಗೆ ನೈಲಾನ್ ಉಂಗುರವಿರುತ್ತದೆ, ಅದು ಥ್ರೆಡ್ಡನ್ನು ಬಿಗಿಯಾಗಿ ಅಪ್ಪುತ್ತದೆ. ಹಿಡಿತ ಇಳಿದರೂ ನಟ್ ಉದುರಿಹೋಗುವುದಿಲ್ಲ. ಬೋಲ್ಟ್ ತುದಿ ಉಂಗುರ ದಾಟಿ ಒಂದೆರಡು ಥ್ರೆಡ್ ಹೊರಗೆ ಕಾಣಬೇಕು. ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೈಲಾನ್ ಮೆತ್ತಗಾಗುತ್ತದೆ, ಆದ್ದರಿಂದ ಸೈಲೆನ್ಸರ್, ಇಂಜಿನ್ ಹೆಡ್ ಕಡೆ ಬೇಡವೇ ಬೇಡ. ಕೈಯಲ್ಲೇ ತಿರುಗಿಸಲು ಬಂದರೆ ಆ ನಟ್ಟಿನ ಆಯಸ್ಸು ಮುಗಿದಿದೆ.

ಥ್ರೆಡ್‌ಲಾಕರ್ ಅಂಟು ಗಾಳಿ ಇಲ್ಲದ, ಲೋಹ ತಾಗುವ ಕಡೆ ಮಾತ್ರ ಗಟ್ಟಿಯಾಗುತ್ತದೆ. ಅದಕ್ಕೇ ಬಾಟಲಿಯನ್ನು ಅರ್ಧ ಖಾಲಿ ಬಿಟ್ಟಿರುತ್ತಾರೆ, ಒಳಗಿನ ಗಾಳಿಯೇ ಅದನ್ನು ನೀರಾಗಿ ಉಳಿಸುವುದು. ಮುಂದೆ ಬಿಚ್ಚಬೇಕಾದ ಕಡೆಗೆ ನೀಲಿ, ಬಿಚ್ಚುವ ಯೋಚನೆಯೇ ಇಲ್ಲದ ಕಡೆಗೆ ಕೆಂಪು ಅನ್ನುವುದು ರೂಢಿ. ಕೆಂಪನ್ನು ಬಿಚ್ಚಲು ಬೆಂಕಿ ಹಿಡಿಯಬೇಕಾಗುತ್ತದೆ. ಎಣ್ಣೆ ಒರೆಸಿ, ಎರಡು ಹನಿ ಹಾಕಿ, ಪೂರ್ತಿ ಗಟ್ಟಿಯಾಗಲು 24 ಗಂಟೆ ಬಿಡಿ. ಪ್ಲಾಸ್ಟಿಕ್ ಭಾಗಕ್ಕೆ ತಾಗಿಸಬೇಡಿ, ಕೆಲವು ಬಗೆಯ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಚಕ್ರದ ಆಕ್ಸಲ್, ಸ್ಟೀರಿಂಗ್, ಇಂಥ ಪ್ರಾಣದ ಜಾಗಗಳಲ್ಲಿ ಕಂಪನಿಯವರು ಕಿರೀಟದ ಹಾಗಿರುವ ನಟ್ ಹಾಕಿ ಸ್ಪ್ಲಿಟ್ ಪಿನ್ ತೂರಿಸಿರುತ್ತಾರೆ. ಅಲ್ಲಿ ನಮ್ಮ ಜಾಣತನ ಬೇಡ. ಏನಿತ್ತೋ ಅದನ್ನೇ, ಹೊಸ ಪಿನ್ನಿನೊಂದಿಗೆ ಹಾಕಿ.

ಜೋಡಿಸುವ ಕೆಲಸ

ಮೊದಲು ಕರೆಂಟ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಿ ಅಥವಾ ಮೇನ್ ಇಳಿಸಿ. ಮೇವಿನ ಯಂತ್ರದ ಚಕ್ರಕ್ಕೆ ಒಂದು ಮರದ ತುಂಡು ಸಿಕ್ಕಿಸಿ, ಕೈಯಲ್ಲಿ ತಿರುಗಿದರೂ ಬ್ಲೇಡ್ ಬ್ಲೇಡೇ.

ನಟ್ ಬಿಚ್ಚಿ, ವಾಷರ್ ಕೂರುವಷ್ಟು ಜಾಗದ ಪೇಂಟನ್ನು ಕೆರೆದು ತೆಗೆಯಿರಿ. ಎಮರಿ ಪೇಪರ್ ಸಾಕು. ಸುತ್ತಲಿನ ಪೇಂಟ್ ಹಾಗೇ ಇರಲಿ. ತುಕ್ಕು ಹಿಡಿಯುತ್ತದೆ ಅನ್ನುವ ಹೆದರಿಕೆ ಇದ್ದರೆ, ಬಿಗಿ ಮಾಡಿದ ಮೇಲೆ ಮೇಲಿಂದ ಪೇಂಟ್ ಬಳಿಯಬಹುದು. ಬೋಲ್ಟಿನ ಥ್ರೆಡ್ಡನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ. ಕೈಯಲ್ಲಿ ನಟ್ ಕೊನೆವರೆಗೂ ಸಲೀಸಾಗಿ ಓಡಬೇಕು. ಮಧ್ಯದಲ್ಲಿ ಕಚ್ಚಿದರೆ ಬೋಲ್ಟ್ ಬದಲಿಸಿ, ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ.

ಬೋಲ್ಟಿನ ತಲೆ ನೋಡಿ. 8.8 ಅಂತ ಬರೆದಿದ್ದರೆ ಒಳ್ಳೆಯದು. ಏನೂ ಬರೆಯದ ಬೋಲ್ಟ್ ಸಾಮಾನ್ಯವಾಗಿ 4.6ರ ಮೆತ್ತನೆಯ ಜಾತಿ. ನಮ್ಮ ಯಂತ್ರದ ಜೊತೆ ಬಂದಿದ್ದು ಅದೇ. ಬದಲಿಸಲು ನಾಲ್ಕು ಬೋಲ್ಟಿಗೆ ಹೆಚ್ಚೇನೂ ಖರ್ಚಾಗಲಿಲ್ಲ. ಜಾಗ ಇದ್ದರೆ ಉದ್ದದ ಬೋಲ್ಟ್ ಹಾಕಿ, ಕೆಳಗೆ ದಪ್ಪ ಪೈಪಿನ ತುಂಡನ್ನು ತೋಳಿನ ಹಾಗೆ ಕೊಡಿ. ಉದ್ದದ ಬೋಲ್ಟ್ ಹೆಚ್ಚು ಹಿಗ್ಗುತ್ತದೆ, ಸಣ್ಣಪುಟ್ಟ ಕುಸಿತ ಅದಕ್ಕೆ ಲೆಕ್ಕಕ್ಕಿಲ್ಲ. ವಾಷರ್ ಬದಲಿಸುವುದಕ್ಕಿಂತ ಇದು ಎಷ್ಟೋ ಒಳ್ಳೆಯ ಉಪಾಯ, ಆದರೆ ಯಾರೂ ಮಾಡುವುದಿಲ್ಲ.

ಈಗ ಕ್ರಮ. ಬೋಲ್ಟ್ ತಲೆ, ತಗಡು, ಪ್ಲೇನ್ ವಾಷರ್, ಸ್ಪ್ರಿಂಗ್ ವಾಷರ್, ನಟ್. ಸ್ಪ್ರಿಂಗ್ ವಾಷರ್ ಯಾವಾಗಲೂ ನಟ್ಟಿಗೆ ಅಂಟಿಕೊಂಡು. ಎರಡನ್ನೂ ಅದಲುಬದಲು ಹಾಕಿದವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಒಂದು ಪೇಚಿದೆ: ಸ್ಪ್ರಿಂಗ್ ವಾಷರ್ ಕಚ್ಚುವುದು ಕೆಳಗಿನ ಪ್ಲೇನ್ ವಾಷರನ್ನು. ಆ ಪ್ಲೇನ್ ವಾಷರೇ ತಗಡಿನ ಮೇಲೆ ತಿರುಗಿದರೆ ಕಚ್ಚಿದ್ದು ದಂಡ. ಸ್ಟಾರ್ ವಾಷರಿಗೂ ಇದೇ ಮಾತು. ಹಾಗಾಗಿ ತಗಡು ಗಟ್ಟಿ ಇದ್ದು ತೂತು ಸರಿಯಾದ ಅಳತೆಯದಾಗಿದ್ದರೆ ಹಲ್ಲಿನ ವಾಷರ್ ನೇರವಾಗಿ ತಗಡಿನ ಮೇಲೇ ಕೂರಲಿ. ಮೋಟರ್ ಹಿಂದೆ ಮುಂದೆ ಸರಿಸಲು ಕೊಟ್ಟಿರುವ ಉದ್ದ ತೂತಿನ ಮೇಲೆ ಮಾತ್ರ ದಪ್ಪನೆಯ ಪ್ಲೇನ್ ವಾಷರ್ ಬೇಕೇ ಬೇಕು. ತೆಳು ವಾಷರ್ ಆ ತೂತಿನೊಳಗೆ ಬಟ್ಟಲಿನ ಹಾಗೆ ಬಾಗುತ್ತದೆ. ನಮ್ಮಲ್ಲಿ ಬಾಗಿತ್ತು.

ಕಳೆ ಕೊಚ್ಚುವ ಯಂತ್ರದ ಬ್ಲೇಡ್ ನಟ್ ಸಾಮಾನ್ಯವಾಗಿ ಎಡಗೈ ಥ್ರೆಡ್ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವುದು), ಸೈಕಲ್ಲಿನ ಎಡ ಪೆಡಲ್ಲಿನ ಹಾಗೆ. ಮಾಮೂಲಿ ಸ್ಪ್ರಿಂಗ್ ವಾಷರಿನ ತುದಿಗಳು ಬಲಗೈ ಥ್ರೆಡ್ಡಿಗೆ ಹೊಂದುವಂತೆ ತಿರುಚಿರುತ್ತವೆ. ಎಡಗೈ ಥ್ರೆಡ್ಡಿನಲ್ಲಿ ಅವು ಬಿಗಿ ಮಾಡುವಾಗ ಕೆರೆದು, ಬಿಚ್ಚುವಾಗ ಜಾರುತ್ತವೆ. ಅಲ್ಲಿಗೆ ಯಂತ್ರದ ಜೊತೆ ಬರುವ ನಟ್ ಮತ್ತು ಕಪ್ ಮಾತ್ರ.

ಎಷ್ಟು ಬಿಗಿ?

ಟಾರ್ಕ್ ರೆಂಚ್, ಅಂದರೆ ತಿರುಗಿಸುವ ಬಲ (ಟಾರ್ಕ್) ತೋರಿಸುವ ಸ್ಪ್ಯಾನರ್, ಇದ್ದರೆ ಸುಲಭ. ಲೇಪನ ಇರುವ 8.8 ಬೋಲ್ಟಿಗೆ ಸುಮಾರಾಗಿ ಎಂ6ಕ್ಕೆ 10, ಎಂ8ಕ್ಕೆ 25, ಎಂ10ಕ್ಕೆ 49 ನ್ಯೂಟನ್-ಮೀಟರ್. 4.6 ಬೋಲ್ಟಿಗೆ ಇದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಯಂತ್ರದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟ್ ಎಳೆಯಲು ಹೋಗುತ್ತದೆ, ಉಳಿದದ್ದು ಘರ್ಷಣೆಗೆ. ಹಾಗಾಗಿ ಥ್ರೆಡ್ಡಿಗೆ ಗ್ರೀಸ್ ಬಳಿದು ಅದೇ ಟಾರ್ಕ್ ಕೊಟ್ಟರೆ ಬೋಲ್ಟ್ ಅತಿಯಾಗಿ ಎಳೆದು ತುಂಡಾಗಬಹುದು. ತುಕ್ಕು ಥ್ರೆಡ್ಡಿನಲ್ಲಿ ಅದೇ ಟಾರ್ಕ್ ಕೊಟ್ಟರೆ ಬಿಗಿಯೇ ಆಗಿರುವುದಿಲ್ಲ.

ಟಾರ್ಕ್ ರೆಂಚ್ ಇಲ್ಲದವರಿಗೆ ಲೇತ್ ಅಣ್ಣ ತೋರಿಸಿದ ಉಪಾಯ ಇದು. ತರಕಾರಿ ತೂಗುವ ಕೊಕ್ಕೆ ತಕ್ಕಡಿ ತನ್ನಿ. ನಟ್ಟಿನ ಮಧ್ಯದಿಂದ ಸ್ಪ್ಯಾನರಿನ ಮೇಲೆ 15 ಸೆಂ.ಮೀ. ಅಳೆದು, ಅಲ್ಲಿ ಕೊಕ್ಕೆ ಸಿಕ್ಕಿಸಿ. ಸ್ಪ್ಯಾನರಿಗೆ ನೇರ ಅಡ್ಡವಾಗಿ, ಜರ್ಕ್ ಕೊಡದೆ ಎಳೆಯಿರಿ. ತಕ್ಕಡಿ 17 ಕೆ.ಜಿ. ತೋರಿಸಿದಾಗ 25 ನ್ಯೂಟನ್-ಮೀಟರ್ ಆಯಿತು. ಎಂ6ಕ್ಕೆ 10 ಸೆಂ.ಮೀ. ದೂರದಲ್ಲಿ 10 ಕೆ.ಜಿ. ಎಂ10ಕ್ಕೆ 20 ಸೆಂ.ಮೀ. ದೂರದಲ್ಲಿ 25 ಕೆ.ಜಿ. ನಾನು ಮೊದಲ ಸಲ ಎಳೆದಾಗ ಆಶ್ಚರ್ಯವಾಯಿತು: ಅಷ್ಟು ದಿನ ಚೆನ್ನಾಗಿ ಬಿಗಿ ಮಾಡಿದ್ದೇನೆ ಅಂದುಕೊಂಡಿದ್ದು 9 ಕೆ.ಜಿ.ಗೇ ನಿಲ್ಲುತ್ತಿತ್ತು.

ನಾಲ್ಕು ಬೋಲ್ಟ್ ಇದ್ದರೆ ಮೂಲೆಯಿಂದ ಎದುರು ಮೂಲೆಗೆ ಹೋಗಿ. ಎಲ್ಲವನ್ನೂ ಒಂದು ಸುತ್ತು ಅರ್ಧ ಬಿಗಿ, ಇನ್ನೊಂದು ಸುತ್ತು ಪೂರ್ತಿ.

ಗೆರೆ ಎಳೆದು ಕಾಯುವುದು

ಕೊನೆಯ ಕೆಲಸಕ್ಕೆ ಮನೆಯವಳ ಉಗುರು ಬಣ್ಣ ಬೇಕು. ನಟ್ಟಿನ ಮೇಲಿಂದ ಬೋಲ್ಟ್ ತುದಿ ದಾಟಿ ತಗಡಿನವರೆಗೆ ಒಂದೇ ನೇರ ಗೆರೆ ಎಳೆಯಿರಿ. ಗೆರೆ ಮುರಿದು ನಟ್ ಕಡೆಯ ತುಂಡು ಸರಿದಿದ್ದರೆ ನಟ್ ತಿರುಗಿದೆ, ಜಾರಿಕೆ ನಿಂತಿಲ್ಲ. ಗೆರೆ ನೆಟ್ಟಗಿದ್ದೂ ತಕ್ಕಡಿ ಹಚ್ಚಿದಾಗ ಹೇಳಿದ ತೂಕಕ್ಕಿಂತ ಮೊದಲೇ ನಟ್ ಮುಂದಕ್ಕೆ ಸರಿದರೆ ಅದು ಕುಸಿತ. ಕುಸಿತಕ್ಕೆ ಮತ್ತೆ ಬಿಗಿ ಮಾಡಿ ಹೊಸ ಗೆರೆ ಎಳೆದರೆ ಸಾಮಾನ್ಯವಾಗಿ ಮುಗಿಯಿತು. ಜಾರಿಕೆಗೆ ಬಿಗಿ ಒಂದೇ ಸಾಲದು, ಜಾರದ ಹಾಗೆ ಏನಾದರೂ ಮಾಡಲೇಬೇಕು. ಅಂಟು ಹಾಕಿದ ಥ್ರೆಡ್ಡನ್ನು ಮಾತ್ರ ಹೀಗೆ ಪರೀಕ್ಷೆ ಮಾಡಬೇಡಿ, ಅಂಟು ಒಡೆಯುತ್ತದೆ.

ಹೊಸ ಜೋಡಣೆಯನ್ನು ಮೊದಲ ಗಂಟೆ ಓಡಿಸಿದ ಮೇಲೆ ಒಮ್ಮೆ, ವಾರ ಬಿಟ್ಟು ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ನೋಡುತ್ತೇನೆ.

ನಮ್ಮ ಮೋಟರಿಗೆ ಕೊನೆಗೆ ಮಾಡಿದ್ದು ಇಷ್ಟು: ಪೇಂಟ್ ಕೆರೆದೆ, 8.8 ಬೋಲ್ಟ್, ಉದ್ದ ತೂತಿನ ಮೇಲೆ ದಪ್ಪ ಪ್ಲೇನ್ ವಾಷರ್, ಮೇಲೆ ನೈಲಾಕ್ ನಟ್. ಮೋಟರಿನ ಕಾಲಿಗೆ ಬೆಲ್ಟ್ ಎಳೆಯುವ ದಿಕ್ಕಿನಿಂದ ಒತ್ತಿ ನಿಲ್ಲುವ ಹಾಗೆ ಲೇತ್ ಅಣ್ಣ ಮೋಟರ್ ಕೂತ ಕಬ್ಬಿಣದ ಚಾನಲ್ಲಿಗೆ ಒಂದು ನಟ್ ವೆಲ್ಡ್ ಮಾಡಿ ತಡೆ ಬೋಲ್ಟ್ ಕೊಟ್ಟರು. ಮೋಟರ್ ಜಾರಲು ಈಗ ಜಾಗವೇ ಇಲ್ಲ. ಮೊದಲ ವಾರ ಒಂದು ನಟ್ಟಿಗೆ ಕಾಲು ಸುತ್ತು ಬಿಗಿ ಬೇಕಾಯಿತು. ಆ ನಾಲ್ಕು ಗುಲಾಬಿ ಗೆರೆಗಳು ಆಮೇಲೆ ಅಲುಗಿಲ್ಲ.

ಮುರಿದ ವಾಷರಿನ ಇನ್ನೊಂದು ತುಂಡು ಕೂಡ ಸಿಕ್ಕಿತು, ಬೆಲ್ಟ್ ಗಾರ್ಡಿನ ಒಳಗೆ.